ಆಟಿಕೆಯ ವಿಮಾನ ಕಟ್ಟಿದ ಆಲ್ಫೋನ್ಸ್ ಪೆನೋ

ವಿಮಾನವೆಂದೊಡನೆ ನಮಗೆಲ್ಲ ನೆನಪಾಗುವುದು ಅಮೆರಿಕದ ರೈಟ್ ಸೋದರರ ಹೆಸರು. ಪ್ರಾಥಮಿಕ ಶಾಲೆಯ ಪಾಠದಲ್ಲಿ ಓದಿದ ಆ ಹೆಸರನ್ನು ಯಾರೂ ಮರೆಯುವುದಿಲ್ಲ, ಮರೆಯಲೂ ಬಾರದು. ಆದರೆ ಆ ಸೋದರರು ಬಾಲ್ಯದಲ್ಲಿ ಕೈಯಲ್ಲಿ ಹಿಡಿದು ಹಾರಿಸಿ, ಮುರಿದು, ಮತ್ತೆ ಮಾಡಿಕೊಂಡು ಆಡಿದ ಒಂದು ಆಟಿಕೆಯಿತ್ತು. ಅದರ ಮೂಲಕರ್ತನು ಫ್ರಾನ್ಸ್ ದೇಶದ ಆಲ್ಫೋನ್ಸ್ ಪೆನೋ. ವಾಯುಯಾನದ ಚರಿತ್ರೆಯನ್ನು ಬಲ್ಲವರಲ್ಲಿ ಇವನು ಸುಪ್ರಸಿದ್ಧ. ನಮ್ಮ ಕಾಲೇಜಿನ ವಾಚಕರಲ್ಲಿ ಅನೇಕರಿಗೆ ಇವನ ಪರಿಚಯ ಇರಲಾರದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಚರಿತ್ರೆಯ ವಿದ್ಯಾರ್ಥಿ. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇವನ ಜೀವನವನ್ನು ಓದಿದ ಮೇಲೆ ಸುಮ್ಮನಿರಲು ಮನಸ್ಸು ಬರಲಿಲ್ಲ.

ಪೆನೋ ಹುಟ್ಟಿದುದು 1850ರಲ್ಲಿ, ಪ್ಯಾರಿಸ್ ನಗರದಲ್ಲಿ. ತಂದೆ ಫ್ರೆಂಚ್ ನೌಕಾಪಡೆಯಲ್ಲಿ ಅಡ್ಮಿರಲ್ ಪದವಿಗೇರಿದವನು. ಅಂಥ ಮನೆಯ ಮಗ ತಾನೂ ಹಡಗನ್ನೇರಬೇಕೆಂದು ಬಯಸುವುದು ಸಹಜ. ಆದರೆ ಎಳೆಯ ವಯಸ್ಸಿನಲ್ಲೇ ಸೊಂಟದ ಕೀಲಿಗೆ ರೋಗ ತಗುಲಿತು. ನೌಕಾಪಡೆಯ ಬಾಗಿಲು ಮುಚ್ಚಿತು. ಊರುಗೋಲಿನ ಆಸರೆಯಿಲ್ಲದೆ ನಡೆಯುವುದೇ ಕಷ್ಟವಾದವನು ಹಾರುವ ವಿಷಯವನ್ನು ಕೈಗೆತ್ತಿಕೊಂಡನು. ಇದನ್ನು ವಿಧಿಯ ವ್ಯಂಗ್ಯವೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಕಾಲು ಸೋತವನಿಗೆ ಕೈ ಉಳಿದಿತ್ತು, ಬುದ್ಧಿ ಉಳಿದಿತ್ತು. ಮೇಜಿನ ಮುಂದೆ ಕುಳಿತು ಮಾಡಬಹುದಾದ ಕೆಲಸವನ್ನು ಅವನು ಆರಿಸಿಕೊಂಡನು, ಅಷ್ಟೆ.

ಆಗಿನ ಕಾಲಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಆಕಾಶಯಾನವೆಂದರೆ ಅಂದಿನ ಜನರಿಗೆ ಬಲೂನು. 1870ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೈನ್ಯವು ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದಾಗ ಊರಿನಿಂದ ಹೊರಬೀಳಲು ಉಳಿದಿದ್ದ ದಾರಿ ಅದೊಂದೇ. ಅರವತ್ತಕ್ಕೂ ಹೆಚ್ಚು ಬಲೂನುಗಳು ಟಪಾಲನ್ನೂ ಜನರನ್ನೂ ಹೊತ್ತು ಮುತ್ತಿಗೆಯನ್ನು ದಾಟಿದವು. ಮಂತ್ರಿ ಗಂಬೆಟ್ಟನೂ ಹಾಗೆಯೇ ಪಾರಾಗಿ ಹೋದನು. ಹೋದ ಬಲೂನು ಮಾತ್ರ ತಿರುಗಿ ಬರುವಂತಿರಲಿಲ್ಲ. ಗಾಳಿ ಎತ್ತ ಬೀಸಿದರೆ ಅತ್ತ ಅದರ ಪ್ರಯಾಣ. ಗಾಳಿಗಿಂತ ಭಾರವಾದ ಯಂತ್ರವೊಂದು ರೆಕ್ಕೆಯ ಬಲದಿಂದ ಹಾರಬಲ್ಲುದೆಂದು ನಂಬಿದವರು ಬೆರಳೆಣಿಕೆಯಷ್ಟು ಜನ. ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿಯು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲೇ, 1804ರಲ್ಲಿ, ಗಾಳಿಪಟದಂಥ ರೆಕ್ಕೆ ಮತ್ತು ಹಿಂಬದಿಯ ಬಾಲವಿರುವ ಸಣ್ಣ ಮಾದರಿಯೊಂದನ್ನು ತೇಲಿಬಿಟ್ಟಿದ್ದನು. ಆದರೆ ಅದಕ್ಕೆ ಸ್ವಂತ ಬಲವಿರಲಿಲ್ಲ. ಎಸೆದ ದಿಕ್ಕಿಗೆ ಜಾರಿಕೊಂಡು ಇಳಿಯುತ್ತಿತ್ತು. ಗಡಿಯಾರದ ಸ್ಪ್ರಿಂಗನ್ನು ಜೋಡಿಸಿ ನೋಡಿದವರೂ ಇದ್ದರು. ಸ್ಪ್ರಿಂಗು, ಅದರ ಹಲ್ಲುಗಾಲಿಗಳು ಎಲ್ಲ ಲೋಹ. ಹಗುರವಾದ ವಸ್ತುವಿನ ಬೆನ್ನಿಗೆ ಭಾರವನ್ನು ಕಟ್ಟಿದಂತೆ.

ಪೆನೋ ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ, ಇದನ್ನು ಕಂಡುಹಿಡಿಯಲು ಒಬ್ಬ ಮನುಷ್ಯ ಬೇಕಾಯಿತೆ ಎಂದು ಇಂದು ನಮಗೆ ಅನ್ನಿಸುತ್ತದೆ. ಅವನು ರಬ್ಬರನ್ನು ಹಿಗ್ಗಿಸದೆ ಹುರಿ ಮಾಡಿದನು. ಕವಣೆಯಲ್ಲಿ ಮಾಡುವಂತೆ ರಬ್ಬರನ್ನು ನೇರವಾಗಿ ಎಳೆದು ಕಟ್ಟಿದರೆ ಅದರ ಸೆಳೆತವನ್ನು ತಾಳಲು ಗಟ್ಟಿಯಾದ, ಎಂದರೆ ಭಾರವಾದ ಚೌಕಟ್ಟು ಬೇಕು. ಆ ಸೆಳೆತವನ್ನು ತಿರುಗುವ ಚಲನೆಯಾಗಿ ಮಾರ್ಪಡಿಸಲು ಹಲ್ಲುಗಾಲಿ ಬೇಕು. ಹುರಿ ಮಾಡಿದ ರಬ್ಬರಿಗೆ ಇವೆರಡೂ ಬೇಡ. ಒಂದು ತೆಳುವಾದ ಕೋಲಿನ ಉದ್ದಕ್ಕೂ ರಬ್ಬರಿನ ಎಳೆಯನ್ನು ಹಾಕಿ, ಒಂದು ತುದಿಯನ್ನು ಕೋಲಿಗೂ ಇನ್ನೊಂದನ್ನು ಪ್ರೊಪೆಲರಿನ ಕೊಕ್ಕೆಗೂ ಸಿಕ್ಕಿಸಿದರೆ ಸಾಕು. ಬಿಟ್ಟೊಡನೆ ಹುರಿ ಬಿಚ್ಚಿಕೊಳ್ಳುತ್ತ ಪ್ರೊಪೆಲರನ್ನು ತಾನೇ ತಿರುಗಿಸುತ್ತದೆ. 1870ರಲ್ಲಿ ಅವನು ಇದನ್ನು ಮೊದಲು ಬಳಸಿದುದು ನೇರವಾಗಿ ಮೇಲಕ್ಕೇರುವ ಸಣ್ಣ ಹೆಲಿಕಾಪ್ಟರ್ ಆಟಿಕೆಯಲ್ಲಿ. ಅದು ಐವತ್ತು ಅಡಿಯವರೆಗೆ ಏರುತ್ತಿತ್ತು. ಆಗ ಅವನಿಗೆ ಇಪ್ಪತ್ತು ವರ್ಷ. ನಮ್ಮ ತರಗತಿಯ ಬೆಂಚಿನಲ್ಲಿ ಕುಳಿತವರ ವಯಸ್ಸು.

ಆದರೆ ಬಲ ದೊರೆತ ಮಾತ್ರಕ್ಕೆ ವಿಮಾನ ಹಾರುವುದಿಲ್ಲ. ನಿಜವಾದ ಕಷ್ಟ ಸಮತೋಲದ್ದು. ರೆಕ್ಕೆ ಕಟ್ಟಿದ ಕೋಲನ್ನು ಗಾಳಿಗೆ ಬಿಟ್ಟರೆ ಅದು ಒಂದೋ ಮೂಗು ಕೆಳಗೆ ಮಾಡಿ ನೆಲಕ್ಕೆ ಚುಚ್ಚಿಕೊಳ್ಳುತ್ತದೆ, ಇಲ್ಲವೆ ಮೂಗನ್ನು ಮೇಲೆತ್ತಿ, ನಿಂತು, ಹಿಂದಕ್ಕೆ ಜಾರುತ್ತದೆ. ಅದರ ಮೇಲೆ ಕುಳಿತು ಚುಕ್ಕಾಣಿ ಹಿಡಿಯುವವರಿಲ್ಲ. ಕೆಳಗೆ ನಿಂತು ಸೂತ್ರ ಎಳೆಯುವವರೂ ಇಲ್ಲ. 1940ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಜಿಮ್ ವಾಕರನು ತಂತಿಯ ಹಿಡಿತದ ಮಾದರಿ ವಿಮಾನಗಳನ್ನು ಜನಪ್ರಿಯಗೊಳಿಸಿದನು. ಅಲ್ಲಿ ಆಡುವವನು ನಡುವೆ ನಿಂತು ಎರಡು ತೆಳು ತಂತಿಗಳಿಂದ ಬಾಲದ ಪಟ್ಟಿಯನ್ನು ಏರಿಸಿ ಇಳಿಸುತ್ತಾನೆ. ಎಂಜಿನ್ ಕೂರಿಸಿದ ವಿಮಾನ ಅವನ ಸುತ್ತ ವೃತ್ತವಾಗಿ ಹಾರುತ್ತ ಲಾಗ ಹಾಕುತ್ತದೆ, ತಲೆಕೆಳಗಾಗಿಯೂ ಸಾಗುತ್ತದೆ. ಅಂಥ ವಿಮಾನದಲ್ಲಿ ಸಹ ತೂಕ ಮೂಗಿನ ಕಡೆ ಹೆಚ್ಚಾದರೆ ಅದು ಮೊಂಡಾಗುತ್ತದೆ. ಬಾಲದ ಕಡೆ ಹೆಚ್ಚಾದರೆ ಹಿಡಿತಕ್ಕೆ ಸಿಗದೆ ಕುಣಿಯುತ್ತದೆ. ತಂತಿ ಹಿಡಿದ ಕೈಯೊಂದು ಇದ್ದಾಗಲೇ ಹೀಗಾದರೆ, ಯಾವ ಕೈಯೂ ಇಲ್ಲದ ಪೆನೋನ ಪುಟ್ಟ ವಿಮಾನದ ಪಾಡೇನು? ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳಬೇಕಾಗಿತ್ತು.

ಅದಕ್ಕಾಗಿ ಅವನು ಮಾಡಿದುದು ಮೂರು ಕೆಲಸ. ರೆಕ್ಕೆಯ ತುದಿಗಳನ್ನು ತುಸು ಮೇಲಕ್ಕೆ ಬಾಗಿಸಿದನು; ಇದರಿಂದ ಪಕ್ಕಕ್ಕೆ ವಾಲಿದ ವಿಮಾನ ಮತ್ತೆ ನೆಟ್ಟಗಾಗುತ್ತದೆ. ಗುರುತ್ವಕೇಂದ್ರವು ರೆಕ್ಕೆಯ ಎತ್ತುವ ಬಲದ ಕೇಂದ್ರಕ್ಕಿಂತ ಸ್ವಲ್ಪ ಮುಂದೆ ಬೀಳುವಂತೆ ರೆಕ್ಕೆಯನ್ನು ಕೋಲಿನ ಮೇಲೆ ಕೂರಿಸಿದನು. ಮೂರನೆಯದೇ ಮುಖ್ಯ. ಹಿಂದೆ ಒಂದು ಚಿಕ್ಕ ಅಡ್ಡ ಬಾಲವನ್ನಿಟ್ಟು, ಅದನ್ನು ರೆಕ್ಕೆಯ ಮಟ್ಟದಲ್ಲಿ ಬಿಡದೆ ಸುಮಾರು 8 ಡಿಗ್ರಿಯಷ್ಟು ಮುಂಬದಿ ತಗ್ಗುವಂತೆ ಓರೆಮಾಡಿದನು. ಗಾಳಿ ಈ ಬಾಲವನ್ನು ಸದಾ ಸ್ವಲ್ಪ ಕೆಳಕ್ಕೆ ಒತ್ತುತ್ತಿರುತ್ತದೆ. ವಿಮಾನ ಮೂಗು ತಗ್ಗಿಸಿದರೆ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಬಾಲದ ಮೇಲಿನ ಒತ್ತಡವೂ ಹೆಚ್ಚಿ ಮೂಗು ಮೇಲೇಳುತ್ತದೆ. ಮೂಗು ಅತಿಯಾಗಿ ಎದ್ದರೆ ವೇಗ ಕುಂದುತ್ತದೆ. ಒತ್ತಡ ಕಡಿಮೆಯಾಗಿ ಮೂಗು ತಾನಾಗಿ ಇಳಿಯುತ್ತದೆ. ತಪ್ಪಿನಲ್ಲೇ ತಿದ್ದುಪಡಿ ಅಡಗಿದೆ. ಕೇಲಿಯು ಬಾಲದ ಗುಟ್ಟನ್ನು ಮೊದಲೇ ಅರಿತಿದ್ದನೆಂಬುದು ನಿಜ. ಆದರೆ ಪೆನೋ ಅದನ್ನು ತಾನೇ ಸ್ವತಂತ್ರವಾಗಿ ಕಂಡುಕೊಂಡು, ಕಾರಣಸಹಿತ ವಿವರಿಸಿ, ಸ್ವಂತ ಬಲದಿಂದ ಹಾರುವ ವಸ್ತುವಿಗೆ ಅಳವಡಿಸಿ ತೋರಿಸಿದನು.

ಇದು ಪುಸ್ತಕದ ಮಾತಾಯಿತು. ಒಕ್ಕಲು ಮನೆಯಲ್ಲಿ ಬೆಳೆದ ನನಗೆ ಇದು ಅರ್ಥವಾದುದು ಬೇರೆ ದಾರಿಯಿಂದ. ಉಳುವಾಗ ನೇಗಿಲಿನ ಗುಳ ನೆಲಕ್ಕೆ ಹೆಚ್ಚು ಓರೆಯಾದರೆ ಮಣ್ಣಿನಲ್ಲಿ ಹೂತು ಎತ್ತುಗಳು ನಿಲ್ಲುತ್ತವೆ. ಕಡಿಮೆಯಾದರೆ ನೆಲವನ್ನು ಕೆರೆದುಕೊಂಡು ಹೋಗುತ್ತದೆ. ಬೆಣೆಯೊಂದನ್ನು ಕೂದಲೆಳೆಯಷ್ಟು ಹೊಡೆದು ಅದನ್ನು ಸರಿಪಡಿಸುತ್ತಾರೆ. ಆಷಾಢದ ಗಾಳಿಯಲ್ಲಿ ಪಟ ಬಿಡುವ ಹುಡುಗರೂ ಸೂತ್ರದ ಗಂಟನ್ನು ಅರ್ಧ ಬೆರಳು ಮೇಲೆ ಕೆಳಗೆ ಮಾಡಿ, ಬಾಲಂಗೋಚಿಗೆ ಒಂದು ಚಿಂದಿ ಸೇರಿಸಿ ಅಥವಾ ತೆಗೆದು ಪಟವನ್ನು ಹದಕ್ಕೆ ತರುತ್ತಾರೆ. ಪೆನೋನ ಕೆಲಸವೂ ಈ ಜಾತಿಯದೇ. ಹಾಸ್ಟೆಲಿನಲ್ಲಿ ಗೆಳೆಯನೊಬ್ಬನೂ ನಾನೂ ಸೇರಿ ಬಿದಿರಿನ ಸೀಳು, ಪಟದ ಕಾಗದ, ಸೈಕಲ್ಲಿನ ವಾಲ್ ಟ್ಯೂಬು ಇವುಗಳಿಂದ ಅವನ ಕ್ರಮದಂತೆ ಒಂದನ್ನು ಕಟ್ಟಿ ನೋಡಿದೆವು. ಕಟ್ಟುವುದಕ್ಕೆ ಒಂದು ಭಾನುವಾರ ಸಾಕಾಯಿತು, ಹದಗೊಳಿಸುವುದಕ್ಕೆ ಎರಡು ವಾರ. ರೆಕ್ಕೆಯನ್ನು ಒಂದು ಬತ್ತದ ಕಾಳಿನಷ್ಟು ಮುಂದಕ್ಕೆ ಸರಿಸಿದರೆ ಹಾರುವ ರೀತಿಯೇ ಬದಲಾಗುತ್ತದೆ. ಪ್ರೊಪೆಲರು ಒಂದು ಕಡೆಗೆ ತಿರುಗಿದರೆ ಮೈ ಇನ್ನೊಂದು ಕಡೆಗೆ ಹೊರಳಲು ಹವಣಿಸುತ್ತದೆ; ಹುರಿ ಬಿಗಿಯಾಗಿರುವ ಮೊದಲ ಕ್ಷಣಗಳಲ್ಲಿ ಈ ಹೊರಳಾಟ ಹೆಚ್ಚು, ಬಿಚ್ಚಿದಂತೆ ಕಡಿಮೆ. ಆದುದರಿಂದ ಮೊದಲು ಹುರಿಯೇ ಇಲ್ಲದೆ ಕೈಯಿಂದ ತೇಲಿಬಿಟ್ಟು ನೋಡಬೇಕು. ಆಮೇಲೆ ಸ್ವಲ್ಪ ಹುರಿ, ಆಮೇಲೆ ಇನ್ನಷ್ಟು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಬಾಲವನ್ನೂ ರೆಕ್ಕೆಯನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದೇ ಇಲ್ಲ. ಇಪ್ಪತ್ತೊಂದು ವರ್ಷದ ಪೆನೋ, ಬಿದ್ದುದನ್ನು ಎತ್ತಿ ತರಲೂ ಊರುಗೋಲು ಹಿಡಿದು ನಡೆಯಬೇಕಾಗಿದ್ದವನು, ಇದನ್ನೆಲ್ಲ ಎಷ್ಟು ತಾಳ್ಮೆಯಿಂದ ಮಾಡಿರಬೇಕೆಂಬುದು ಆಗ ನನಗೆ ತಿಳಿಯಿತು.

ಅವನು ತನ್ನ ಯಂತ್ರವನ್ನು ಪ್ಲಾನೋಫೋರ್ ಎಂದು ಕರೆದನು. ಉದ್ದ 50 ಸೆಂಟಿಮೀಟರು, ರೆಕ್ಕೆಯ ಹರವು 45 ಸೆಂಟಿಮೀಟರು. ಪ್ರೊಪೆಲರು ಮುಂದೆ ಇರದೆ ಬಾಲದ ಹಿಂದೆ ಇದ್ದಿತು; ಅದರ ಅಗಲ 21 ಸೆಂಟಿಮೀಟರು. ಒಟ್ಟು ತೂಕ 16 ಗ್ರಾಮು, ಅದರಲ್ಲಿ ರಬ್ಬರಿನ ತೂಕವೇ 5 ಗ್ರಾಮು. ನಮ್ಮ ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ಅಂಗೈಯಲ್ಲಿಟ್ಟುಕೊಂಡರೆ ಹೆಚ್ಚುಕಡಿಮೆ ಅಷ್ಟು ಭಾರ.

1871ರ ಆಗಸ್ಟ್ 18ರಂದು, ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ವಾಯುಯಾನ ಸಂಘದ ಸದಸ್ಯರ ಮುಂದೆ ಅವನು ಇದನ್ನು ಹಾರಿಸಿ ತೋರಿಸಿದನು. ಚರಿತ್ರೆಯ ವಿದ್ಯಾರ್ಥಿಯಾದ ನನ್ನ ಕಣ್ಣು ಆ ದಿನಾಂಕದ ಮೇಲೆ ನಿಲ್ಲುತ್ತದೆ. ಮುತ್ತಿಗೆ ಜನವರಿಯಲ್ಲಿ ಮುಗಿದಿತ್ತು. ಬಳಿಕ ಪ್ಯಾರಿಸ್ ಕಮ್ಯೂನಿನ ದಂಗೆ, ರಕ್ತಪಾತ. ಮೇ ತಿಂಗಳಲ್ಲಿ ಆ ಉದ್ಯಾನದ ಅಂಚಿನ ಟ್ವಿಲರಿ ಅರಮನೆಯೇ ಬೆಂಕಿಗೆ ಆಹುತಿಯಾಗಿತ್ತು. ಮೂರು ತಿಂಗಳೂ ಕಳೆದಿರಲಿಲ್ಲ. ಸುಟ್ಟ ಗೋಡೆಗಳ ಎದುರಿಗೆ ಪುಟ್ಟ ವಿಮಾನವು ವೃತ್ತಾಕಾರವಾಗಿ ಸುಳಿದು, 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರು ಹಾರಿ, ಹುರಿ ಮುಗಿದ ಮೇಲೆ ಮೆಲ್ಲನೆ ಇಳಿಯಿತು. ಯಾವ ಕೈಯ ಸಹಾಯವೂ ಇಲ್ಲದೆ ತನ್ನ ಸಮತೋಲವನ್ನು ತಾನೇ ಕಾಪಾಡಿಕೊಂಡು, ಸ್ವಂತ ಬಲದಿಂದ ಹಾರಿದ ವಿಮಾನವನ್ನು ಜನ ಕಣ್ಣಾರೆ ಕಂಡರು. ಇದರ ತತ್ವವನ್ನು ಅವನು ಮರುವರ್ಷದ ಜನವರಿಯಲ್ಲಿ ಲಾಯೆರೋನೋತ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು. ರೆಕ್ಕೆ ಬಡಿಯುವ ಹಕ್ಕಿಯ ಮಾದರಿಯೊಂದನ್ನೂ ರಬ್ಬರಿನ ಹುರಿಯಿಂದಲೇ ಹಾರಿಸಿದನು.

ಅಂದಹಾಗೆ, ಟ್ವಿಲರಿಯಲ್ಲಿ ಪ್ಲಾನೋಫೋರ್ ಹಾರಿದ ಮರುದಿನ, ಆಗಸ್ಟ್ 19ರಂದು, ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಒಂದು ಗಂಡು ಮಗು ಜನಿಸಿತು. ಅದಕ್ಕೆ ಆರ್ವಿಲ್ ರೈಟ್ ಎಂದು ಹೆಸರಿಟ್ಟರು. ಜ್ಯೋತಿಷ್ಯದಲ್ಲಿ ನನಗೆ ನಂಬಿಕೆಯಿಲ್ಲದಿದ್ದರೂ ಇದನ್ನು ಹೇಳದೆ ಮುಂದುವರಿಯಲಾರೆ.

ಆಟಿಕೆ ಗೆದ್ದಿತು. ಆದರೆ ಜಗತ್ತಿಗೆ ಅದು ಆಟಿಕೆಯೇ. ಮನುಷ್ಯನನ್ನು ಹೊರುವ ವಿಮಾನವನ್ನು ಮಾಡಬೇಕೆಂಬ ಛಲ ಪೆನೋನಿಗೆ ಹುಟ್ಟಿತು. ಪಾಲ್ ಗೊಶೋ ಎಂಬ ಯಂತ್ರಕುಶಲಿಯ ಜೊತೆಗೂಡಿ ಅವನು ಒಂದು ನಕ್ಷೆಯನ್ನು ರಚಿಸಿ, 1876ರ ಫೆಬ್ರವರಿಯಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಆ ನಕ್ಷೆಯ ವಿವರಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ನೆಲದಿಂದಲೂ ನೀರಿನಿಂದಲೂ ಏಳಬಲ್ಲ, ಒಂದೇ ಜೋಡಿ ರೆಕ್ಕೆಯ ವಿಮಾನ. ಒಂದಕ್ಕೊಂದು ಎದುರಾಗಿ ತಿರುಗುವ ಎರಡು ಪ್ರೊಪೆಲರುಗಳು. ಹೀಗಾಗಿ ಒಂದರ ಹೊರಳಾಟವನ್ನು ಇನ್ನೊಂದು ಕಳೆಯುತ್ತದೆ. ಏರಿಳಿಯುವ ಪಟ್ಟಿಗಳು, ಪಕ್ಕಕ್ಕೆ ತಿರುಗಿಸುವ ಚುಕ್ಕಾಣಿ, ಎರಡನ್ನೂ ನಡೆಸುವ ಒಂದೇ ಹಿಡಿಕೋಲು. ಹಾರಿದ ಮೇಲೆ ಒಳಗೆ ಮಡಚಿಕೊಳ್ಳುವ ಗಾಲಿಗಳು, ಆ ಗಾಲಿಗಳಿಗೆ ಆಘಾತವನ್ನು ಹೀರುವ ಏರ್ಪಾಡು. ಚಾಲಕನ ಮುಂದೆ ಗಾಜಿನ ಮರೆ, ದಿಕ್ಸೂಚಿ, ಎತ್ತರವನ್ನು ತಿಳಿಯಲು ವಾಯುಭಾರ ಮಾಪಕ. ಇಷ್ಟೆಲ್ಲ ಒಂದೇ ವಿಮಾನದಲ್ಲಿ ಕೂಡಿ ಬರಲು ಲೋಕವು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಅದರ ಅಂದಾಜು ತೂಕ 1,200 ಕಿಲೋಗ್ರಾಮು. ಬೇಕಾದ ಬಲ 20ರಿಂದ 30 ಅಶ್ವಶಕ್ತಿ. ಅಷ್ಟು ಬಲವನ್ನು ಕೊಟ್ಟು, ಅಷ್ಟು ಹಗುರವಾಗಿಯೂ ಇರುವ ಎಂಜಿನ್ ಆಗ ಭೂಮಿಯ ಮೇಲೆಲ್ಲೂ ಇರಲಿಲ್ಲ. ಅದೇ 1876ರಲ್ಲಿ ಜರ್ಮನಿಯಲ್ಲಿ ಆಟೋ ಎಂಬವನು ನಾಲ್ಕು ಹೊಡೆತದ ಎಂಜಿನನ್ನು ಸಿದ್ಧಪಡಿಸಿದನು. ಆದರೆ ಅದು ಕಾರ್ಖಾನೆಯ ನೆಲಕ್ಕೆ ಬಿಗಿದು ನಡೆಸುವ ಭಾರದ ಯಂತ್ರ. ಪೆನೋನಿಗೆ ಉಳಿದುದು ಹಬೆಯೊಂದೇ. ಹಬೆಗೆ ಕುದಿಪಾತ್ರೆ ಬೇಕು, ನೀರು ಬೇಕು, ಕಲ್ಲಿದ್ದಲೋ ಎಣ್ಣೆಯೋ ಬೇಕು.

ಇಲ್ಲಿ ನನ್ನ ಅಲ್ಪಮತಿಗೆ ತೋರಿದ ಒಂದು ಮಾತನ್ನು ಹೇಳುತ್ತೇನೆ. ಹದಿನಾರು ಗ್ರಾಮಿನಿಂದ ಸಾವಿರದಿನ್ನೂರು ಕಿಲೋವಿಗೆ ಹೋಗುವುದೆಂದರೆ ಎಪ್ಪತ್ತೈದು ಸಾವಿರ ಪಟ್ಟಿನ ನೆಗೆತ. ನಡುವೆ ಒಂದು ಮೆಟ್ಟಿಲಾದರೂ ಬೇಡವೆ? ಒಂದು ಕಿಲೋ, ಹತ್ತು ಕಿಲೋ ತೂಗುವ ಮಾದರಿಯನ್ನು ಕಟ್ಟಿ, ತಾನು ಅಷ್ಟು ಚೆನ್ನಾಗಿ ಬಲ್ಲ ರೀತಿಯಲ್ಲಿ ಅದನ್ನು ಹದಗೊಳಿಸಿದ್ದರೆ ಹಣ ಕೊಡುವವರೂ ಕಿವಿಗೊಡುತ್ತಿದ್ದರೋ ಏನೋ. ಅಮೆರಿಕದ ವಿಜ್ಞಾನಿ ಲ್ಯಾಂಗ್ಲಿ ಮುಂದೆ ಹೀಗೆಯೇ ಮಾಡಿದನು. ಅವನು ಮೊದಲು ಪೆನೋನ ಮಾದರಿಯ ರಬ್ಬರಿನ ವಿಮಾನಗಳನ್ನು ಡಜನುಗಟ್ಟಲೆ ಕಟ್ಟಿ, ಬಳಿಕ ಸುಮಾರು 11 ಕಿಲೋ ತೂಕದ ಹಬೆಯ ಮಾದರಿಯೊಂದನ್ನು 1896ರಲ್ಲಿ ಪೊಟೋಮ್ಯಾಕ್ ನದಿಯ ಮೇಲೆ ಸಾವಿರ ಮೀಟರಿನಷ್ಟು ದೂರ ಹಾರಿಸಿದನು. ಆದರೆ ಲ್ಯಾಂಗ್ಲಿಗೆ ಸಂಸ್ಥೆಯ ಬೆಂಬಲವಿತ್ತು, ಆಯುಷ್ಯವಿತ್ತು. ರೋಗದಿಂದ ನರಳುತ್ತಿದ್ದ ಮನುಷ್ಯನು ಮೆಟ್ಟಿಲು ಮೆಟ್ಟಿಲಾಗಿ ಹತ್ತುವಷ್ಟು ಕಾಲ ತನಗಿಲ್ಲವೆಂದು ಎಣಿಸಿದ್ದರೆ ಅವನನ್ನು ದೂಷಿಸಲು ನನಗೆ ಬಾಯಿ ಬಾರದು.

ಹಣ ಯಾರೂ ಕೊಡಲಿಲ್ಲ. ಮೆಚ್ಚಿದವರು ಕಡಿಮೆ, ನಕ್ಕವರು ಹೆಚ್ಚು. ಕೊನೆಗೆ ಅವನು ಆನ್ರಿ ಜಿಫಾರನ ಮೊರೆಹೊಕ್ಕನು. ಜಿಫಾರನು ಸಾಮಾನ್ಯನಲ್ಲ. 1852ರಲ್ಲಿ ಬಲೂನಿಗೆ ಹಬೆಯ ಎಂಜಿನನ್ನು ಕಟ್ಟಿ ಪ್ಯಾರಿಸ್ಸಿನಿಂದ ಹಾರಿದವನು; ಕುದಿಪಾತ್ರೆಗೆ ನೀರು ತುಂಬುವ ಇಂಜೆಕ್ಟರನ್ನು ಕಂಡುಹಿಡಿದು ಅಪಾರ ಸಂಪತ್ತನ್ನು ಗಳಿಸಿದವನು. ಹಾರುವ ಹುಚ್ಚನ್ನು ಬಲ್ಲ ಧನಿಕ ಅವನಿಗಿಂತ ಬೇರೆ ಯಾರಿದ್ದರು? ಆದರೂ ಕೆಲಸವಾಗಲಿಲ್ಲ. 1880ರ ಅಕ್ಟೋಬರಿನಲ್ಲಿ ಪೆನೋ ತನ್ನ ನಕ್ಷೆಗಳನ್ನೆಲ್ಲ ಶವಪೆಟ್ಟಿಗೆಯ ಆಕಾರದ ಒಂದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಜಿಫಾರನ ಮನೆಗೆ ತಲುಪಿಸಿ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಆಗ ಅವನಿಗೆ ಮೂವತ್ತು ವರ್ಷ. ಈ ಪೆಟ್ಟಿಗೆಯ ಕಥೆಯಿಂದಾಗಿ ಜಿಫಾರನನ್ನು ಕಟುಕನೆಂದು ತಿಳಿಯುವುದು ಸುಲಭ. ಎರಡು ವರ್ಷಗಳೊಳಗೆ, ಕಣ್ಣಿನ ಬೆಳಕನ್ನು ಕಳೆದುಕೊಳ್ಳುತ್ತಿದ್ದ ಆ ಶ್ರೀಮಂತನೂ ಅದೇ ದಾರಿ ಹಿಡಿದನೆಂಬುದನ್ನು ಓದಿದ ಮೇಲೆ ನನಗೆ ಇಬ್ಬರ ಮೇಲೂ ಮರುಕವೇ ಉಳಿಯಿತು.

ಪೆನೋನ ಜೀವನವನ್ನು ಬರೆದವರು ಹಲವರು ಅವನನ್ನು ಸೋತ ಪ್ರತಿಭಾವಂತನೆಂದು ಚಿತ್ರಿಸುತ್ತಾರೆ. ದೊಡ್ಡ ವಿಮಾನವನ್ನು ಮಾತ್ರ ಎಣಿಸಿದರೆ ಅದು ಸರಿ. ಆದರೆ ಸಣ್ಣದನ್ನು ಏಕೆ ಎಣಿಸಬಾರದು? ಅದು ಅರ್ಧಕ್ಕೆ ನಿಂತ ಕೆಲಸವಲ್ಲ. ಕಟ್ಟಿ, ಹದಗೊಳಿಸಿ, ಹಾರಿಸಿ, ಕಾರಣವನ್ನು ಬರೆದು ಮುಗಿಸಿದ ಕೆಲಸ. ಅಂಗಡಿಯವರು ಅವನ ಹೆಲಿಕಾಪ್ಟರನ್ನು ನಕಲು ಮಾಡಿ ಆಟದ ಸಾಮಾನಾಗಿ ಮಾರಿದರು. ಅವನು ಇನ್ನೂ ಬದುಕಿದ್ದಾಗಲೇ, 1878ರಲ್ಲಿ, ಮಿಲ್ಟನ್ ರೈಟ್ ಎಂಬ ಪಾದ್ರಿಯು ಅಯೋವ ಪ್ರಾಂತದ ಸೀಡರ್ ರಾಪಿಡ್ಸ್ ಊರಿನ ತನ್ನ ಮನೆಗೆ ಬಂದಾಗ ಮಕ್ಕಳಿಗಾಗಿ ಅಂಥದೊಂದನ್ನು ತಂದನು. ಬಿದಿರು, ಬೆಂಡು, ಕಾಗದ, ಹುರಿ ಮಾಡಿದ ರಬ್ಬರು. ವಿಲ್ಬರನಿಗೆ ಹನ್ನೊಂದು ವರ್ಷ, ಆರ್ವಿಲನಿಗೆ ಏಳು. ಆಟಿಕೆ ಬಹಳ ದಿನ ಬಾಳಲಿಲ್ಲ. ಹುಡುಗರು ತಾವೇ ಅಂಥವನ್ನು ಕಟ್ಟಿದರು. ದೊಡ್ಡದಾಗಿ ಕಟ್ಟಿದಷ್ಟೂ ಅದು ಹಾರಲು ಒಲ್ಲೆನ್ನುತ್ತಿತ್ತು. ಗಾತ್ರ ಎರಡು ಪಟ್ಟಾದರೆ ಬೇಕಾದ ಬಲ ಎಂಟು ಪಟ್ಟಾಗುವುದೆಂಬ ಲೆಕ್ಕ ಆ ಮಕ್ಕಳಿಗೆ ಇನ್ನೂ ತಿಳಿದಿರಲಿಲ್ಲ. 1899ರಲ್ಲಿ ವಿಲ್ಬರನು ವಾಯುಯಾನದ ಪುಸ್ತಕಗಳನ್ನು ಕೇಳಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಬರೆದ ಪತ್ರದಲ್ಲಿ ಪೆನೋನ ಹೆಸರು ಬರುತ್ತದೆ.

1903ರ ಡಿಸೆಂಬರ್ 17ರಂದು ಕಿಟಿ ಹಾಕಿನ ಬಳಿ ಆರ್ವಿಲನು ಮೊದಲ ಸಲ ಹಾರಿದಾಗ ಅವನು ಗಾಳಿಯಲ್ಲಿದ್ದುದು 12 ಸೆಕೆಂಡು, ಕ್ರಮಿಸಿದುದು 120 ಅಡಿ. ಟ್ವಿಲರಿಯಲ್ಲಿ ಪೆನೋನ ವಿಮಾನ ಹಾರಿದುದು 11 ಸೆಕೆಂಡು, ಸುಮಾರು 130 ಅಡಿ. ಮನುಷ್ಯನನ್ನು ಹೊತ್ತ ಯಂತ್ರವನ್ನೂ ಹತ್ತು ರೂಪಾಯಿಯ ಎರಡು ನಾಣ್ಯಗಳಷ್ಟು ತೂಗುವ ಆಟಿಕೆಯನ್ನೂ ಸರಿದೂಗಿಸಬೇಕೆಂದು ನಾನು ಹೇಳುತ್ತಿಲ್ಲ. ರೈಟ್ ಸೋದರರ ಹಾದಿಯೂ ಬೇರೆಯಾಗಿತ್ತು. ತಾನಾಗಿ ನೆಟ್ಟಗಾಗುವ ವಿಮಾನ ಅವರಿಗೆ ಬೇಡವಾಗಿತ್ತು. ಸೈಕಲ್ ಸವಾರನಂತೆ ಚಾಲಕನೇ ಕ್ಷಣಕ್ಷಣವೂ ಸಮತೋಲವನ್ನು ಕಾಯಬೇಕೆಂಬುದು ಅವರ ಮತ. ಏರಿಳಿಯುವ ಅಡ್ಡಪಟ್ಟಿಯನ್ನು ಅವರು ಹಿಂದಿಡದೆ ರೆಕ್ಕೆಗಳ ಮುಂದೆ ಇಟ್ಟಿದ್ದರು. ಆ ವಿಮಾನವನ್ನು ನಡೆಸುವುದು ಬಲು ಕಷ್ಟವಾಗಿತ್ತು. 1910ರಲ್ಲಿ ಅವರು ಹೊರತಂದ ಬಿ ಮಾದರಿಯಲ್ಲಿ ಆ ಅಡ್ಡಪಟ್ಟಿ ಮುಂದಿನಿಂದ ಹಿಂದಕ್ಕೆ, ಪೆನೋ ಬಾಲವನ್ನಿಟ್ಟಿದ್ದ ಜಾಗಕ್ಕೆ ಬಂದಿತು.